ಮಾವನ ಲಾರಿಯ ಆಯಿಲ್ ಮುಳ್ಳು

ನಮ್ಮ ಮನೆಯ ಹಳೇ ಲಾರಿಯಲ್ಲಿ ಆಯಿಲ್ ಪ್ರೆಶರ್ ತೋರಿಸುವ ಮುಳ್ಳು ಯಾಕೆ ಬಿದ್ದಿತೆಂದು ಕಂಡುಹಿಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರು ಜುಗೂಳದಲ್ಲಿ ಈ ಸುದ್ದಿ ಈಗ ಬಾಯಿಂದ ಬಾಯಿಗೆ ಬೇರೆ ಬೇರೆ ಥರ ಓಡಾಡುತ್ತಿದೆ. ಕೆಲವರು ಅಥಣಿಯ ಮಿಸ್ತ್ರಿ ಹಿಡಿದ ಅನ್ನುತ್ತಾರೆ. ಇನ್ನು ಕೆಲವರು ನನ್ನ ಗಂಡನ ಜಾಣತನ ಅನ್ನುತ್ತಾರೆ. ಗಂಡನೂ ಅಲ್ಲ ಅನ್ನುವುದಿಲ್ಲ, ಮೀಸೆ ಸವರಿಕೊಳ್ಳುತ್ತ ಕೂತಿರುತ್ತಾರೆ. ಆ ದೊಡ್ಡಸ್ತಿಕೆಯನ್ನು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ನನ್ನ ತವರು ತೆಲಸಂಗ. ಅಲ್ಲಿ ಆಕಾಶ ನೋಡಿಕೊಂಡು ಜೋಳ ಬಿತ್ತುವ ಬೇಸಾಯ. ಮದುವೆಯಾಗಿ ಕೃಷ್ಣಾ ದಂಡೆಯ ಜುಗೂಳಕ್ಕೆ ಬಂದಾಗ ನಾನು ಕಣ್ಣು ಬಿಟ್ಟು ನೋಡಿದ್ದು ನದಿಯಿಂದ ನೀರೆತ್ತಿ ಕಬ್ಬಿಗೆ ಬಿಡುತ್ತಿದ್ದ ಡೀಸೆಲ್ ಪಂಪನ್ನು, ಆಮೇಲೆ ಅಂಗಳದಲ್ಲಿ ನಿಂತಿದ್ದ ಮಾವನವರ ಲಾರಿಯನ್ನು. ಈಗಿನ ಲಾರಿಗಳ ಹಾಗೆ ಅದರ ಮುಖ ಚಪ್ಪಟೆ ಇಲ್ಲ. ಎಂಜಿನ್ನು ಮುಂದೆ ಉದ್ದ ಮೂಗಿನೊಳಗೆ ಕೂತಿದೆ. ಎರಡು ದುಂಡು ದೀಪ, ಹಿಂದೆ ಲೋಡು ತುಂಬುವ ಮರದ ಡಬ್ಬಿ, ಬಾಗಿಲು ತೆಗೆದರೆ ಕಿರುಗುಟ್ಟುವ ಸದ್ದು. ನಾನು ಹುಟ್ಟುವ ಮೊದಲೇ ರಸ್ತೆಗೆ ಬಂದದ್ದು. ಊರಿನವರು ಅದನ್ನು ಮೂಗಿನ ಲಾರಿ ಎಂದೇ ಕರೆಯುವುದು.

ಮಾವನವರಿಗೆ ಮೊಣಕಾಲು ನೋವು ಹೆಚ್ಚಾಗಿ ಕ್ಲಚ್ ತುಳಿಯಲು ಆಗದಾದಾಗ ಮನೆಯಲ್ಲಿ ಲಾರಿ ಹಿಡಿಯುವವರು ಇರಲಿಲ್ಲ. ನನ್ನ ಗಂಡನಿಗೆ ಟ್ರ್ಯಾಕ್ಟರ್ ಎಂದರೆ ಪ್ರಾಣ, ಈ ಲಾರಿ ಎಂದರೆ ಅಲರ್ಜಿ. "ನೀ ಹೊಡೀತೀಯೇನು?" ಎಂದು ಮಾವ ಒಂದು ದಿನ ಚಹಾ ಕುಡಿಯುತ್ತ ನನ್ನನ್ನು ಕೇಳಿದರು. ಚೇಷ್ಟೆಗೆ ಕೇಳಿದರೋ ನಿಜವಾಗಿ ಕೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. "ಹೊಡೀತೀನ್ರಿ" ಅಂದೆ. ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ಕಲಿಸಿದರು. ಸೀರೆ ಉಟ್ಟ ಸೊಸೆ ಲಾರಿ ತಿರುಗಿಸುವುದನ್ನು ನೋಡಲು ಬದುವಿನ ಮೇಲೆ ಜನ ನಿಲ್ಲುತ್ತಿದ್ದರು. ನಿಂತವರು ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು. ಲೈಸೆನ್ಸ್ ತೆಗೆದುಕೊಂಡು ಕಾಗವಾಡದ ರಸ್ತೆಯಲ್ಲಿ ಮೊದಲ ಸಲ ಹೋದಾಗ ಬಸ್ಸಿನ ಡ್ರೈವರು ಹಾರ್ನ್ ಹೊಡೆದು ಕೈ ಎತ್ತಿದ. ನಾನೂ ಎತ್ತಿದೆ.

ಮಾವ ನನಗೆ ಗೇರು, ಬ್ರೇಕು ಎಲ್ಲಕ್ಕಿಂತ ಮೊದಲು ಕಲಿಸಿದ್ದು ಆಯಿಲ್ ಪ್ರೆಶರಿನ ಮುಳ್ಳು ನೋಡುವುದನ್ನು. ಸ್ಟೇರಿಂಗಿನ ಹಿಂದೆ ಒಂದು ದುಂಡು ಗಾಜಿನ ಡಬ್ಬಿ, ಅದರೊಳಗೆ ಒಂದು ಮುಳ್ಳು. ಎಂಜಿನ್ನಿನ ತಳದಲ್ಲಿರುವ ಆಯಿಲನ್ನು ಒಂದು ಪಂಪು ಎಳೆದು ಮೇಲಿನ ಬೇರಿಂಗುಗಳಿಗೆಲ್ಲ ಒತ್ತಿ ಕಳಿಸುತ್ತದೆ. ಆ ಒತ್ತಡ ಎಷ್ಟಿದೆ ಎಂದು ಮುಳ್ಳು ತೋರಿಸುತ್ತದೆ. ಮುಳ್ಳು ಮಲಗಿತೆಂದರೆ ಬೇರಿಂಗಿಗೆ ಆಯಿಲ್ ಮುಟ್ಟುತ್ತಿಲ್ಲ, ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿ ಎಂಜಿನ್ನು ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. "ಮುಳ್ಳು ಬಿತ್ತಂದ್ರ ದೇವರು ಅಡ್ಡ ಬಂದ್ರೂ ಬಂದ್ ಮಾಡು. ಎದುರಿಗಿನ ಗಾಡಿಯವ ಬೈದ್ರ ಬೈಲಿ" ಎನ್ನುತ್ತಿದ್ದರು.

ಅವರು ಶುರುಮಾಡಿದ ಇನ್ನೊಂದು ರೂಢಿಯಿದೆ. ಪ್ರತಿ ಹಂಗಾಮಿನಲ್ಲೂ ನಮ್ಮ ಹೊಲದ ಮೊದಲ ಕಬ್ಬಿನ ಲೋಡು ಈ ಲಾರಿಯಲ್ಲೇ ಕಾರ್ಖಾನೆಗೆ ಹೋಗಬೇಕು. ಆಮೇಲಿನದನ್ನು ಟ್ರ್ಯಾಕ್ಟರು ಒಯ್ಯಲಿ, ಯಾರೂ ಕೇಳುವುದಿಲ್ಲ. ಮಾವ ತೀರಿಕೊಂಡ ಮೇಲೆಯೂ ನಾನು ಆ ರೂಢಿ ತಪ್ಪಿಸಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಮೂಗಿನ ಲಾರಿ ಕಂಡರೆ ಕಾವಲಿನವನು, "ಬಂದ್ರಾ ವೈನಿ? ಹಂಗಾರ ಹಂಗಾಮ ಸುರು ಆತು" ಎನ್ನುತ್ತಾನೆ. ಗಡಿನಾಡಿನ ನಮ್ಮಲ್ಲಿ ಅಣ್ಣನ ಹೆಂಡತಿಯನ್ನು ವೈನಿ ಎನ್ನುತ್ತಾರೆ, ಗುರುತಿನ ಮನೆಯ ಹೆಂಗಸರನ್ನೂ ಹಾಗೇ ಕರೆಯುತ್ತಾರೆ. ಆ ಒಂದು ಮಾತು ಕೇಳುವುದಕ್ಕಾಗಿ ನಾನು ವರ್ಷವಿಡೀ ಕಾಯುತ್ತೇನೆ ಎಂದರೆ ಸುಳ್ಳಲ್ಲ.

ಈ ಸಲ ದಸರೆಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಮುಗಿದ ಮೇಲೆ ದ್ರಾಕ್ಷಿ ತೋಟಕ್ಕೆ ಗೊಬ್ಬರ ತರಲು ಅಥಣಿಗೆ ಹೋಗಿದ್ದೆ. ಹೋಗುವಾಗ ಲಾರಿ ಖಾಲಿ ಇತ್ತು, ಏನೂ ಗೊತ್ತಾಗಲಿಲ್ಲ. ಬರುವಾಗ ಚೀಲ ತುಂಬಿದ್ದವು. ಊರು ಬಿಟ್ಟು ಸ್ವಲ್ಪ ಜೋರು ಮಾಡಿದೆ. ರೂಢಿಯಂತೆ ಮುಳ್ಳಿನ ಕಡೆ ಕಣ್ಣು ಹೋಯಿತು. ಅದು ಮೆಲ್ಲಗೆ ಕೆಳಗಿಳಿಯುತ್ತಿತ್ತು. ಲಾರಿಯನ್ನು ರಸ್ತೆ ಬದಿಗೆ ತಂದು ಬಂದ್ ಮಾಡುವ ಗುಂಡಿ ಎಳೆದೆ. ಹಿಂದಿನ ಗಾಡಿಯವನು ಬೈದುಕೊಂಡೇ ಹೋದ. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದೆ. ಆಯಿಲ್ ಗುರುತಿನವರೆಗೂ ಇತ್ತು. ಮೂಸಿ ನೋಡಿದೆ, ಡೀಸೆಲ್ ವಾಸನೆ ಇರಲಿಲ್ಲ. ಬೆರಳಿಗೆ ಹಚ್ಚಿ ನೋಡಿದೆ, ನೀರು ಬೆರೆತರೆ ಆಗುವ ಬಿಳಿ ನೊರೆಯೂ ಇರಲಿಲ್ಲ. ಬೇವಿನ ಗಿಡದ ಕೆಳಗೆ ಸ್ವಲ್ಪ ಹೊತ್ತು ಕೂತು ಮತ್ತೆ ಚಾಲೂ ಮಾಡಿದರೆ ಮುಳ್ಳು ಏನೂ ಆಗಿಲ್ಲ ಎನ್ನುವಂತೆ ಎದ್ದು ನಿಂತಿತು. ಎತ್ತಿನ ಗಾಡಿಯ ನಡಿಗೆಯಲ್ಲಿ, ಮಧ್ಯೆ ಮಧ್ಯೆ ನಿಲ್ಲಿಸಿಕೊಂಡು ಜುಗೂಳ ಮುಟ್ಟಿಸಿದೆ.

ಗಂಡ ಅಂಗಳದಲ್ಲೇ ನಿಂತಿದ್ದರು. ವಿಷಯ ಹೇಳಿದೆ. ಅವರ ಮುಖದಲ್ಲಿ ದುಃಖಕ್ಕಿಂತ ಸಮಾಧಾನವೇ ಹೆಚ್ಚಾಗಿ ಕಂಡು ನನಗೆ ರೇಗಿತು. ನಿಪ್ಪಾಣಿಯ ಹೈವೇ ಬದಿಯಲ್ಲಿ ಹೋಟೆಲು ನಡೆಸುವವನೊಬ್ಬ ಆಗಲೇ ಈ ಲಾರಿಯ ಮೇಲೆ ಕಣ್ಣಿಟ್ಟಿದ್ದ. ಒಮ್ಮೆ ಮನೆಗೇ ಬಂದು ಸುತ್ತಲೂ ತಿರುಗಿ ಫೋಟೊ ಹೊಡೆದುಕೊಂಡು ಹೋಗಿದ್ದ. ಹೋಟೆಲಿನ ಮುಂದೆ ಇದನ್ನು ಕಟ್ಟೆ ಮೇಲೆ ನಿಲ್ಲಿಸಿ, ಎಂಜಿನ್ನು ಕಿತ್ತು, ಮೂಗಿನೊಳಗೆ ಹೂವಿನ ಗಿಡ ಹಚ್ಚಿ, ಬಣ್ಣದ ದೀಪ ಹಾಕುತ್ತಾನಂತೆ. ಬಂದವರು ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರಂತೆ.

"ಮುದಿ ಎತ್ತು ಎಷ್ಟ್ ದಿನಾ ಜಗ್ಗೀತು? ಸಾಮಾನು ಎಲ್ಲೂ ಸಿಗೂದಿಲ್ಲ. ಅಲ್ಲಾದ್ರೂ ನಾಕ್ ಮಂದಿ ನೋಡ್ತಾರ" ಎಂದರು ಗಂಡ.

"ನಿಮ್ಮಪ್ಪನ ಲಾರಿ ಹೊಟ್ಟೀ ಬಗದು ಹೂವಿನ ಕುಂಡ ಮಾಡಾಕ ಕೊಡ್ತೀರೇನ್ರಿ?" ಎಂದು ನಾನು ಏರಿಸಿದ ಧ್ವನಿಗೆ ಪಡಸಾಲೆಯಲ್ಲಿ ಕೂತಿದ್ದ ಅತ್ತೆ ಹೊರಗೆ ಬಂದರು. ಬಾಗಿಲಲ್ಲಿ ನಿಂತರು.

ಗಂಡ ಜಗಳಕ್ಕೆ ನಿಲ್ಲುವ ಪೈಕಿ ಅಲ್ಲ. ಹೀಗೆ ಹೇಳಿದರು: "ಆತು. ಈ ಸಲದ ಮೊದಲ ಲೋಡ್ ಇದು ಕಾರ್ಖಾನಿಗೆ ಮುಟ್ಟಿಸಿದ್ರ ಮತ್ತ್ ಎಂದೂ ಮಾರೂ ಮಾತು ತಗಿಯಾಂಗಿಲ್ಲ. ಮುಟ್ಟಿಸಲಿಲ್ಲಂದ್ರ ನೀ ಅಳಬಾರದು, ಬಯ್ಯಬಾರದು. ಹೋಟೆಲ್‌ನಾಂವ ಒಯ್ತಾನ."

"ಆತು" ಎಂದೆ. ಕಬ್ಬು ಕಡಿಯುವ ಆಳುಗಳ ಟೋಳಿ ಬರಲು ಇನ್ನು ಹೆಚ್ಚು ದಿನ ಇರಲಿಲ್ಲ.

ಅಥಣಿಯಿಂದ ಮಿಸ್ತ್ರಿಯನ್ನು ಕರೆಸಿದೆ. ಮಾವನ ಕಾಲದಿಂದಲೂ ಈ ಲಾರಿಯ ಗುರುತಿರುವವನು, ಕೈಗುಣ ಒಳ್ಳೆಯದು, ಬಾಯಿ ಮಾತ್ರ ಸ್ವಲ್ಪ ದೊಡ್ಡದು. ಬಂದವನೇ ಮೂಗಿನ ಮುಚ್ಚಳ ಎತ್ತಿ, ಆಯಿಲ್ ಫಿಲ್ಟರ್ ಬದಲಿಸಿದ. ಫರಕು ಬೀಳಲಿಲ್ಲ. ಎಂಜಿನ್ನು ಓಡುತ್ತಿರುವಾಗ ಒಂದು ಕಟ್ಟಿಗೆಯ ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ತನ್ನ ಕಿವಿಗೂ ಒತ್ತಿಕೊಂಡು ಕಣ್ಣು ಮುಚ್ಚಿ ಕೇಳಿದ. ರೇಸ್ ಕೊಟ್ಟು ಕೇಳಿದ, ಸ್ಲೋ ಬಿಟ್ಟು ಕೇಳಿದ.

"ಬೇರಿಂಗ್ ಸವದಾವ್ರಿ ವೈನಿ. ಈ ವಯಸ್ಸಿನ ಎಂಜಿನ್ನಿಗೆ ಮತ್ತೇನ್ ಆಗತೈತಿ? ಸವದ ಸಂದ್ಯಾಗಿಂದ ಆಯಿಲ್ ಸೋರಿ ಹೊಕ್ಕೈತಿ, ಅದಕ ಪ್ರೆಶರ್ ನಿಂದ್ರವಲ್ದು. ಎಂಜಿನ್ನ ಕೆಳಗ ಇಳಸಬೇಕು. ಆದ್ರ ಇದರ ಬೇರಿಂಗ್ ಎಲ್ಲಿಂದ ತರೂಣು?"

ಅಂಗಳದ ಕಟ್ಟೆಯ ಮೇಲೆ ಕೂತಿದ್ದ ಗಂಡ, "ನಾ ಹೇಳಿರಲಿಲ್ಲಾ?" ಎನ್ನುವ ಹಾಗೆ ನನ್ನ ಕಡೆ ನೋಡಿದರು. ಬಾಯಿಬಿಟ್ಟು ಹೇಳಿದ್ದರೆ ಅವತ್ತು ಊಟಕ್ಕೆ ಬರೀ ಮಜ್ಜಿಗೆ ಸಿಗುತ್ತಿತ್ತು.

ಮಿಸ್ತ್ರಿ ಚಹಾ ಕುಡಿದು ಹೋದ. ನನಗೆ ಮಾತ್ರ ಒಂದು ವಿಷಯ ತಲೆಯಿಂದ ಹೋಗಲೊಲ್ಲದು. ಅವನು ಎಂಜಿನ್ನಿನ ಕಡೆ ಬಗ್ಗಿ ಸದ್ದು ಕೇಳುತ್ತಿದ್ದಾಗ ನಾನು ಒಳಗೆ ಕೂತು ಮುಳ್ಳನ್ನೇ ನೋಡುತ್ತಿದ್ದೆ. ಅವನು ಸ್ಲೋ ಬಿಟ್ಟಾಗ ಮುಳ್ಳು ಚೆನ್ನಾಗಿಯೇ ನಿಂತಿತ್ತು. ರೇಸ್ ಕೊಟ್ಟಾಗ ಬೀಳುತ್ತಿತ್ತು.

ಮಾವ ಒಮ್ಮೆ ಪಾಲಬಾವಿಯ ನೆಂಟರ ಲಾರಿಯ ಬೇರಿಂಗ್ ಸವೆದದ್ದನ್ನು ತೋರಿಸಲೆಂದೇ ನನ್ನನ್ನು ಕರೆದುಕೊಂಡು ಹೋಗಿದ್ದರು. ಆ ಎಂಜಿನ್ನು ಬಿಸಿಯಾದ ಮೇಲೆ ಸ್ಲೋ ಬಿಟ್ಟರೆ ಮುಳ್ಳು ಮಲಗುತ್ತಿತ್ತು, ರೇಸ್ ಕೊಟ್ಟರೆ ಏಳುತ್ತಿತ್ತು. ಪಂಪು ಜೋರಾಗಿ ತಿರುಗಿದಷ್ಟೂ ಆಯಿಲ್ ಹೆಚ್ಚು ಬರುತ್ತದೆ, ಸೋರಿದ್ದನ್ನು ತುಂಬಿಕೊಡುತ್ತದೆ. ಒಳಗಿಂದ ಟಕಟಕ ಸದ್ದು ಬೇರೆ. ನಮ್ಮದರಲ್ಲಿ ಎಲ್ಲ ಉಲ್ಟಾ. ಸದ್ದೂ ಇಲ್ಲ.

ಮರುದಿನ ಬೆಳಿಗ್ಗೆ ಹಾಲು ಹಿಂಡಿದ ಕೂಡಲೇ ಲಾರಿಯ ಕಡೆ ಹೋದೆ. ಮೊದಲು ಮುಳ್ಳೇ ಸುಳ್ಳು ಹೇಳುತ್ತಿರಬಹುದು ಎಂದು ಅನುಮಾನ ಬಂತು. ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೇ ಡೀಸೆಲ್ ಪಂಪಿನ ಎಂಜಿನ್ನಿನಿಂದ ಅದರ ಮುಳ್ಳಿನ ಗೇಜು ಬಿಚ್ಚಿ ತಂದು ಇದಕ್ಕೆ ಜೋಡಿಸಿದೆ. ಅದೂ ಅದನ್ನೇ ಹೇಳಿತು. ಸ್ಲೋದಲ್ಲಿ ನಿಲ್ಲುತ್ತದೆ, ರೇಸ್ ಕೊಟ್ಟರೆ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ, ಬಂದ್ ಮಾಡಿ ದಮ್ಮು ತೆಗೆದುಕೊಳ್ಳಲು ಬಿಟ್ಟರೆ ಮತ್ತೆ ನಿಲ್ಲುತ್ತದೆ. ಕೈಯಲ್ಲಿ ಆ ಪಂಪಿನ ಗೇಜು ಹಿಡಿದು ನಿಂತಾಗ ನನಗೆ ತಟ್ಟನೆ ಹೊಳೆಯಿತು. ಇದನ್ನು ನಾನು ಎಲ್ಲಿಯೋ ನೋಡಿದ್ದೇನೆ. ಎಲ್ಲಿಯೋ ಏನು, ನದಿಯಲ್ಲೇ ನೋಡಿದ್ದೇನೆ!

ನಮ್ಮ ಕಡೆ ನದಿಯ ಪಂಪು ಇಟ್ಟವರಿಗೆಲ್ಲ ಇದು ಗೊತ್ತು. ನೀರೊಳಗೆ ಇಳಿಬಿಟ್ಟ ಪೈಪಿನ ತುದಿಗೆ ಒಂದು ಜಾಳಿ ಇರುತ್ತದೆ, ಕಸ ಒಳಗೆ ಹೋಗದಿರಲಿ ಎಂದು. ಮಳೆಗಾಲ ಮುಗಿದು ನದಿ ಇಳಿಯುವಾಗ ಆ ಜಾಳಿಗೆ ಪಾಚಿ, ಬಳ್ಳಿ, ಹರುಕು ಬಟ್ಟೆ ಎಲ್ಲ ಬಂದು ಅಂಟುತ್ತವೆ. ಆಗ ಹಳೇ ಡೀಸೆಲ್ ಪಂಪನ್ನು ಮೆಲ್ಲಗೆ ಓಡಿಸಿದರೆ ನೀರು ಬರುತ್ತಿತ್ತು. ಜೋರು ಮಾಡಿದರೆ ಎಳೆತ ಹೆಚ್ಚಾಗಿ, ಕಸ ಜಾಳಿಗೆ ಇನ್ನೂ ಬಿಗಿಯಾಗಿ ಅಂಟಿ ನೀರು ನಿಲ್ಲುತ್ತಿತ್ತು. ಬಂದ್ ಮಾಡಿದರೆ ಕಸ ತಾನೇ ಕಳಚಿ ಬೀಳುತ್ತಿತ್ತು. ಮತ್ತೆ ಚಾಲೂ ಮಾಡಿದರೆ ಸ್ವಲ್ಪ ಹೊತ್ತು ನೀರು, ಆಮೇಲೆ ಮತ್ತೆ ಅದೇ ಹಾಡು. ಪಂಪು ಕೆಟ್ಟಿತೆಂದು ಬಿಚ್ಚುವವನು ದಡ್ಡ. ಪೈಪು ಎಳೆದು ಜಾಳಿ ತೊಳೆಯಬೇಕು, ಅಷ್ಟೇ. ನಮ್ಮ ಎಂಜಿನ್ನಿನ ತಳದಲ್ಲೂ ಆಯಿಲ್ ಪಂಪಿನ ಬಾಯಿಗೆ ಅಂಥದೇ ಒಂದು ಜಾಳಿ ಇದೆ.

ಮಿಸ್ತ್ರಿಗೆ ಫೋನ್ ಮಾಡಿದೆ. "ಬೇರಿಂಗ್ ಅಲ್ಲ, ಜಾಳಿ ಕಟ್ಟೈತಿ. ಬಾ, ಚೇಂಬರ್ ಬಿಚ್ಚೂಣು" ಅಂದೆ. ಚೇಂಬರ್ ಎಂದರೆ ಎಂಜಿನ್ನಿನ ತಳಕ್ಕೆ ಬೋಲ್ಟು ಹಾಕಿ ಕೂಡಿಸಿದ ಆಯಿಲ್ ತೊಟ್ಟಿ.

ಅವನು ಮೊದಲು ನಕ್ಕ. ನಾನು ರೇಸು, ಸ್ಲೋ, ನದಿ, ಪಾಚಿ ಎಲ್ಲ ಹೇಳಿದ ಮೇಲೆ, "ವೈನಿ, ಹೌದಲಾ! ನಾ ಬರೇ ಕಿವಿ ಕೊಟ್ಟೆ, ಕಣ್ಣು ಕೊಡಲಿಲ್ಲ ನೋಡ್ರಿ. ಬರ್ತೀನಿ" ಎಂದ. ಒಳ್ಳೆಯ ಮಿಸ್ತ್ರಿ ಎಂದು ನಾನು ಸುಮ್ಮನೆ ಹೇಳುವುದಿಲ್ಲ.

ನಮ್ಮ ಹೊಲದಂಚಿಗೆ ಸವುಳು ನೀರು ಬಸಿದು ಹೋಗಲು ತೋಡಿದ ಒಂದು ಕಾಲುವೆಯಿದೆ. ಅದು ಒಣಗಿತ್ತು. ಲಾರಿಯನ್ನು ಅದರ ಉದ್ದಕ್ಕೆ, ಒಂದೊಂದು ದಂಡೆಯ ಮೇಲೆ ಒಂದೊಂದು ಕಡೆಯ ಗಾಲಿ ಬರುವಂತೆ ಹಲಗೆಗಳ ಮೇಲೆ ನಿಲ್ಲಿಸಿದೆ. ಗಾಲಿಗಳಿಗೆ ಕಲ್ಲು ಕೊಟ್ಟೆವು. ನಾನು ಸೀರೆಯ ಕಚ್ಚೆ ಹಾಕಿ, ಮೇಲೆ ಗಂಡನ ಹಳೇ ಅಂಗಿ ತೊಟ್ಟು ಮಿಸ್ತ್ರಿಯ ಜೊತೆ ಕಾಲುವೆಗೆ ಇಳಿದೆ. ದಂಡೆಯ ಮೇಲೆ ಗಂಡ ಕೈಕಟ್ಟಿ ನಿಂತಿದ್ದರು. ಅವರ ಪಕ್ಕದಲ್ಲಿ ಅತ್ತೆ ಬಂದು ನಿಂತರು. ಅವರು ಹೊಲದವರೆಗೆ ನಡೆದು ಬರುವುದು ಅಪರೂಪ, ಬಂದದ್ದು ನೋಡಿ ನನಗೆ ಹುರುಪು ಬಂತು.

ಆಯಿಲ್ ಬಸಿದು, ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ಚೇಂಬರ್ ಕೆಳಗಿಳಿಸಿದೆವು. ಇಬ್ಬರೂ ಬಗ್ಗಿ ನೋಡಿದೆವು. ತಳದಲ್ಲಿ ಕಪ್ಪು ಕೆಸರು ಇರುವುದು ಸಹಜ. ಆದರೆ ಇದು ಕಪ್ಪಲ್ಲ. ಹೋಳಿಗೆಗೆ ಕಣಕ ಕಲಸಿಟ್ಟಂಥ ದಪ್ಪ ಅಂಟು, ಬಣ್ಣ ಹಳದಿ. ಮೇಲೆ ಜಾಳಿಯ ತುಂಬ ಅದೇ ಅಂಟು ಮೆತ್ತಿಕೊಂಡು ಬೆಳಕು ತೂರಲು ಜಾಗವಿರಲಿಲ್ಲ.

"ಏನ್ರಿ ಇದು ವೈನಿ? ಇಷ್ಟ್ ಎಂಜಿನ್ನ ಬಿಚ್ಚೇನಿ, ಇಂಥಾದ್ದ ಕಂಡಿಲ್ಲ" ಎಂದ ಮಿಸ್ತ್ರಿ.

ನಾನು ಗೆದ್ದೆ ಎಂದು ಕೂಗಬೇಕೆಂದು ಬಾಯಿ ತೆರೆದವಳು ಅಂಟನ್ನು ಬೆರಳಲ್ಲಿ ತೆಗೆದು ಮೂಸಿದೆ. ಕಾದ ಆಯಿಲಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಅರಿಷಿಣ. ಬೆರಳಿಗೆ ಏನೋ ಕಾಳು ಸಿಕ್ಕಿತು. ಉಜ್ಜಿ ನೋಡಿದರೆ ಅಜವಾನ! ಲಾರಿಯ ಹೊಟ್ಟೆಯಲ್ಲಿ ಅಜವಾನ!

ನಮ್ಮ ಮನೆಯಲ್ಲಿ ಅರಿಷಿಣ, ಅಜವಾನ, ಕುಸುಬಿ ಎಣ್ಣೆ ಈ ಮೂರೂ ಒಟ್ಟಿಗೆ ಸೇರುತ್ತಿದ್ದದ್ದು ಒಂದೇ ಕಡೆ, ಎತ್ತಿನ ಗೊಟ್ಟದಲ್ಲಿ. ಗೊಟ್ಟ ಎಂದರೆ ತುದಿ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ. ಕಾರ ಹುಣ್ಣಿಮೆಯ ಹೊತ್ತಿಗೆ ಎತ್ತಿನ ತಲೆ ಎತ್ತಿ ಹಿಡಿದು ಅದರಿಂದ ಎಣ್ಣೆ ಔಷಧ ಕುಡಿಸುವುದು ರೂಢಿ. ದುಡಿದ ಮೈ ಗಟ್ಟಿಯಾಗಲಿ, ತಿಂದದ್ದು ಜೀರ್ಣವಾಗಲಿ ಎಂದು. ನಮ್ಮ ಮನೆಯಲ್ಲಿ ಎತ್ತು ಹೋಗಿ ಟ್ರ್ಯಾಕ್ಟರು ಬಂದು ಬಹಳ ಕಾಲವಾಯಿತು. ಆ ಗೊಟ್ಟ ಮಾತ್ರ ಕೊಟ್ಟಿಗೆಯ ಗೂಟಕ್ಕೆ ಇನ್ನೂ ತೂಗುತ್ತಿತ್ತು. ಅದಕ್ಕೆ ಧೂಳು ಹಿಡಿಯದಿರುವುದು ಯಾಕೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ತಲೆ ಎತ್ತಿ ದಂಡೆಯ ಕಡೆ ನೋಡಿದೆ. ಅತ್ತೆ ನನ್ನ ಬೆರಳನ್ನೇ ನೋಡುತ್ತಿದ್ದರು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. "ಅತ್ತೀ! ಇದರೊಳಗ ಏನ್ ಹಾಕೀರಿ?" ಎಂದು ಜೋರಾಗಿಯೇ ಕೇಳಿದೆ.

ಅತ್ತೆ ಅಡಗಿಸುವವರಲ್ಲ. "ಗೊಟ್ಟಾ ಹಾಕೇನಿ" ಎಂದರು. "ನಿಮ್ಮ ಮಾವ ಹೋದಾಗಿಂದ ಖಂಡೆ ಪೂಜಿಗೊಮ್ಮೆ ಹಾಕ್ತೀನಿ. ನೀವೆಲ್ಲಾ ಉಣ್ಣಾಕ ಕುಂತಾಗ. ಎತ್ತು ಹ್ವಾದುವು, ಅವ್ರೂ ಹ್ವಾದ್ರು. ಅವ್ರ ಕೈಯಾಗ ದುಡದದ್ದು ಮನ್ಯಾಗ ಇದೊಂದ ಉಳದಿತ್ತು. ಅದು ಸೊರಗಬಾರ್ದಂತ ಹಾಕೇನಿ. ಈ ವರ್ಷ ಏರು ಹತ್ತುವಾಗ ಬಾಳ ತೇಕತೈತಿ ಅನಿಸ್ತು, ಇನ್ನೊಂದ್ ಗೊಟ್ಟಾ ಜಾಸ್ತಿ ಹಾಕಿದೆ."

ಮಿಸ್ತ್ರಿ ಕಾಲುವೆಯಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ನಗು ತಡೆಯಲು ಬಾಯಿಗೆ ಒರೆಸುವ ಬಟ್ಟೆ ಒತ್ತಿಕೊಂಡಿದ್ದ. ಗಂಡ, "ಯವ್ವಾ, ಎಂಜಿನ್ನಿಗೆ ಯಾರರ ಗೊಟ್ಟಾ ಹಾಕ್ತಾರೇನು?" ಎಂದು ನಕ್ಕೇಬಿಟ್ಟರು.

ಅತ್ತೆ ನಗಲಿಲ್ಲ. ಕುಸುಬಿ ಎಣ್ಣೆ ಬಿಸಿಗೆ ಹೇಗೆ ಅಂಟಾಗುತ್ತದೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಾಣಲೆಯ ಅಂಚಿಗೆ ಹಿಡಿದ ಅಂಟನ್ನು ಜೀವಮಾನವೆಲ್ಲ ಕೆರೆದವರು ಅವರು. ಚೇಂಬರಿನ ಕಡೆ ಒಮ್ಮೆ, ಲಾರಿಯ ಕಡೆ ಒಮ್ಮೆ ನೋಡಿದರು. "ಹಂಗಾರ ನಾನ ಕೊಂದೆ ಇದನ್ನ" ಎಂದು ಸಣ್ಣ ದನಿಯಲ್ಲಿ ಹೇಳಿ, ಸೆರಗು ಹೊದ್ದು ಮನೆಯ ಕಡೆ ನಡೆದರು.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಎಂಥ ಪ್ರೀತಿ ಅದು! ನಾನು ಸ್ಟೇರಿಂಗ್ ಹಿಡಿದೆನೆಂದು ಇಷ್ಟು ವರ್ಷ ಬೀಗಿಕೊಂಡು ತಿರುಗಿದೆ. ಲಾರಿಯ ತೇಕು ಕೇಳಿಸಿದ್ದು ಪಡಸಾಲೆಯಲ್ಲಿ ಕೂತವರಿಗೆ. ಗಂಡನ ಕಡೆ ತಿರುಗಿ, "ನಗಬ್ಯಾಡ್ರಿ. ಈ ಮಾತು ಊರಾಗ ಹೋತಂದ್ರ ನಾ ಸುಮ್ಮನಿರಂಗಿಲ್ಲ" ಎಂದೆ. ಅವರ ಮುಖವೂ ಅಷ್ಟರಲ್ಲಿ ಬಾಡಿತ್ತು. ಇಷ್ಟು ಹೊತ್ತು ನನಗೆ ಲಾರಿ ಉಳಿಸಿಕೊಳ್ಳುವ ಹಟ ಮಾತ್ರ ಇತ್ತು. ಈಗ ಅದು ಓಡಲೇಬೇಕಿತ್ತು. ಇದು ಹೋಟೆಲಿನ ಕಟ್ಟೆ ಹತ್ತಿದರೆ ತನ್ನ ಕೈಯಿಂದಲೇ ಹೀಗಾಯಿತೆಂಬ ಮಾತನ್ನು ಅತ್ತೆ ಸಾಯುವ ತನಕ ಹೊತ್ತುಕೊಂಡು ತಿರುಗುತ್ತಿದ್ದರು.

ಮಿಸ್ತ್ರಿ ಚೇಂಬರ್ ಹೇಗೂ ತೆರೆದಿದೆಯೆಂದು ಒಳಗೆ ಕೈಹಾಕಿ ಬೇರಿಂಗುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದ. ಒಂದೆರಡರ ಮುಚ್ಚಳ ಬಿಚ್ಚಿ ನನಗೂ ತೋರಿಸಿದ. ಗೀರಿಲ್ಲ, ಸವೆತವಿಲ್ಲ, ಬೆಳ್ಳಿಯ ಬಟ್ಟಲಿನ ಒಳಮೈಯಂತೆ ಇದ್ದವು. "ನಿಮ್ಮ ಮಾವ ಎಂಜಿನ್ನಾ ಹೆಂಗ್ ಇಟ್ಟಿದ್ರು ನೋಡ್ರಿ. ನೀವೂ ಮುಳ್ಳು ಬಿದ್ದ ಕೂಡ್ಲೆ ಬಂದ್ ಮಾಡೀರಿ, ಅದಕ ಉಳದಾವ" ಎಂದ. ಆ ಮಾತನ್ನು ಇನ್ನೊಮ್ಮೆ ಹೇಳಿಸಿದೆ, ಗಂಡನಿಗೆ ಕೇಳುವಂತೆ.

ಜಾಳಿಯನ್ನು ಡೀಸೆಲಿನಲ್ಲಿ ನೆನೆಹಾಕಿ, ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ತಿಕ್ಕಿ, ಬಿಸಿಲಿಗೆ ಹಿಡಿದು ಕಣ್ಣು ಕಣ್ಣೂ ನೋಡಿದೆ. ಚೇಂಬರನ್ನು ಕೆರೆದು ಕೆರೆದು ತೊಳೆದೆವು. ಎಂಜಿನ್ನಿಗೂ ಚೇಂಬರಿಗೂ ನಡುವೆ ಆಯಿಲ್ ಸೋರದಂತೆ ಇಡುವ ಹಳೇ ಪ್ಯಾಕಿಂಗ್ ಹರಿದಿತ್ತು. ಅಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಮಿಸ್ತ್ರಿ ದಪ್ಪ ಕಾಗದದ ಹಾಳೆಯನ್ನು ಚೇಂಬರಿನ ಅಂಚಿಗೆ ಹಾಸಿ, ಸಣ್ಣ ಸುತ್ತಿಗೆಯಿಂದ ಟಕಟಕ ಕುಟ್ಟುತ್ತ, ಅಂಚಿನ ಅಳತೆಗೆ ಹೊಸದೊಂದನ್ನು ಕತ್ತರಿಸಿದ. ಹೊಸ ಆಯಿಲ್ ಹಾಕಿ, ಸ್ವಲ್ಪ ಹೊತ್ತು ಸ್ಲೋ ಓಡಿಸಿ, ಒಳದಾರಿಗಳಲ್ಲಿ ಉಳಿದ ಅಂಟು ಬರಲೆಂದು ಅದನ್ನೂ ಬಸಿದೆವು. ತಿಳಿ ಹಳದಿಯಾಗಿ ಬಂತು. ಇನ್ನೊಮ್ಮೆ ಹಾಗೇ ಮಾಡಿದೆವು. ಆಮೇಲೆ ಮತ್ತೆ ಹೊಸದು ತುಂಬಿ, ನಾನು ಹತ್ತಿ ಕೂತು ಚಾಲೂ ಮಾಡಿದೆ. ಸ್ಲೋದಲ್ಲಿ ಮುಳ್ಳು ನಿಂತಿತು. ರೇಸ್ ಕೊಟ್ಟೆ. ಮುಳ್ಳು ಇನ್ನೂ ಮೇಲೇರಿತು. ಮಿಸ್ತ್ರಿ ಕೆಳಗಿನಿಂದ, "ಏನ್ ಅಂತೈತ್ರಿ?" ಎಂದು ಕೂಗಿದ. "ಮಾವನ ಮುಂದ ನಿಂತಂಗ ನಿಂತೈತಿ" ಎಂದು ಕೂಗಿದೆ.

ಖಾಲಿ ಲಾರಿಯಲ್ಲಿ ಮುಳ್ಳು ನಿಲ್ಲುವುದು ದೊಡ್ಡದಲ್ಲ. ಲೋಡು ಹೊತ್ತು ನದಿಯ ದಂಡೆಯಿಂದ ರಸ್ತೆಗೆ ಏರು ಹತ್ತಬೇಕು, ಪರೀಕ್ಷೆ ಅಲ್ಲಿ. ಟೋಳಿ ಬಂತು. ಮೊದಲ ಕಬ್ಬು ಕಡಿದು, ಕಟ್ಟು ಕಟ್ಟಿ ಮರದ ಡಬ್ಬಿ ತುಂಬಿ ಮೇಲೆ ಹಗ್ಗ ಬಿಗಿದರು. ಗಂಡ ತೆಂಗಿನಕಾಯಿ ಒಡೆದರು. ಅತ್ತೆ ಹೊರಗೆ ಬರಲಿಲ್ಲ. ಚೇಂಬರ್ ಬಿಚ್ಚಿದ ದಿನದಿಂದ ಅವರು ಲಾರಿ ನಿಂತ ಕಡೆ ತಿರುಗಿಯೂ ನೋಡಿರಲಿಲ್ಲ. "ಬರ್ರಿ ಅತ್ತೀ, ಕುಂಕುಮ ಹಚ್ಚ್‌ ಬರ್ರಿ" ಎಂದು ಒಳಗೆ ಹೋಗಿ ಕರೆದೆ. "ನನ್ನ ಕೈ ಬ್ಯಾಡ ಯವ್ವಾ. ನೀನ ಹಚ್ಚು" ಎಂದರು.

ಗಂಡ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತರು. ಈ ಲಾರಿಯಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದೇ ಕಡಿಮೆ.

ಏರು ಶುರುವಾಗುವಲ್ಲಿ ಗೇರು ಇಳಿಸಿ ಪೂರ್ತಿ ತುಳಿದೆ. ಎಂಜಿನ್ನು ಗುಡುಗಿತು. ಕರಿಮಣ್ಣಿನ ದಾರಿಯಲ್ಲಿ ಹಿಂದಿನ ಗಾಲಿಗಳು ಒಮ್ಮೆ ತಿಣುಕಿದವು. ನಾನು ದಾರಿ ನೋಡಬೇಕು, ಮುಳ್ಳೂ ನೋಡಬೇಕು. ಪಕ್ಕದಿಂದ ಗಂಡನ ದನಿ ಬಂತು: "ನೀ ದಾರಿ ನೋಡು. ಮುಳ್ಳು ನಾ ನೋಡ್ತೀನಿ." ಏರಿನ ಅರ್ಧಕ್ಕೆ, "ನಿಂತೈತಿ" ಎಂದರು. ಇನ್ನೂ ಸ್ವಲ್ಪ ಮೇಲೆ, "ನಿಂತೈತಿ, ಹೊಡಿ" ಎಂದರು. ತುದಿ ಮುಟ್ಟಿ ಡಾಂಬರು ರಸ್ತೆಗೆ ಮುಂದಿನ ಗಾಲಿ ಬಿದ್ದಾಗ, "ಹೊಡಿ ಹೊಡಿ ಹೊಡಿ!" ಎಂದು ಜಾತ್ರೆಯ ಗಾಡಿ ಓಟದಲ್ಲಿ ಕೂಗಿದಂತೆ ಕೂಗಿದರು. ನನಗೆ ಕಣ್ಣು ತುಂಬಿ ಬಂತು. ಅಳಬಾರದೆಂದು ಮಾತಾಗಿತ್ತಲ್ಲ, ಆದರೆ ಅದು ಸೋತರೆ ಮಾತ್ರ.

ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು ಎದ್ದು ನಿಂತ. "ಬಂದ್ರಾ ವೈನಿ? ಹಂಗಾರ ಹಂಗಾಮ ಸುರು ಆತು" ಎಂದ. ತೂಕಕ್ಕೆ ನಿಂತ ಟ್ರ್ಯಾಕ್ಟರುಗಳ ಸಾಲಿನಲ್ಲಿ ನಮ್ಮ ಉದ್ದ ಮೂಗು ಒಂದೇ ಬೇರೆಯಾಗಿ ಕಾಣುತ್ತಿತ್ತು. ಡ್ರೈವರುಗಳು ಬಂದು ಸುತ್ತ ನಿಂತು ನೋಡಿದರು. ಸಾಲಿನಲ್ಲಿ ಕಾಯುವಾಗ ಗಂಡ ನಿಪ್ಪಾಣಿಗೆ ತಾವೇ ಫೋನ್ ಮಾಡಿದರು. "ಇಲ್ರಿ ಸಾವ್ಕಾರ್ರ, ಲಾರಿ ಕೊಡೂದಿಲ್ಲ. ಅದು ಇನ್ನೂ ದುಡಿಯಾಕತ್ತೈತಿ" ಎಂದರು. ನಾನು ಕೇಳಿಸಿಕೊಳ್ಳದವಳ ಹಾಗೆ ಕಿಟಕಿಯ ಆಚೆ ನೋಡುತ್ತ ಕೂತೆ. ಆ ಸಂತೋಷವನ್ನು ಅವರಿಗೆ ತೋರಿಸಿದ್ದರೆ ತಲೆಯ ಮೇಲೆ ಕೂರುತ್ತಿದ್ದರು.

ಖಾಲಿ ಲಾರಿ ಹೊಡೆದುಕೊಂಡು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಸದ್ದು ಕೇಳಿಯೂ ಏಳಲಿಲ್ಲ. "ಏರು ಹತ್ತಿತ್ರೀ ಅತ್ತೀ. ತೇಕಲಿಲ್ಲ" ಎಂದೆ. ತಲೆಯಾಡಿಸಿದರು, ಅಷ್ಟೇ.

ಕೊಟ್ಟಿಗೆಗೆ ಹೋಗಿ ಗೂಟದ ಮೇಲಿನ ಗೊಟ್ಟ ತೆಗೆದೆ. ಬಿಸಿನೀರು, ಸೋಪಿನ ಪುಡಿ ಹಾಕಿ ಒಳಗೆ ಹೊರಗೆ ತಿಕ್ಕಿ ತೊಳೆದು, ಒರೆಸಿ ಬಿಸಿಲಿಗೆ ಒಣಗಿಸಿದೆ. ಅಷ್ಟರಲ್ಲಿ ಎಂಜಿನ್ನು ತಣಿದಿತ್ತು. ಕಡ್ಡಿ ಎಳೆದು ನೋಡಿದೆ. ಏರು ಹತ್ತಿ ಬಂದದ್ದಕ್ಕೆ ಆಯಿಲ್ ಗುರುತಿಗಿಂತ ಸ್ವಲ್ಪ ಇಳಿದಿತ್ತು, ಹಳೇ ಎಂಜಿನ್ನು ಅಷ್ಟು ಕುಡಿಯುವುದೇ. ಹೊಸ ಆಯಿಲಿನ ಡಬ್ಬಿಯಿಂದ ಗೊಟ್ಟ ತುಂಬಿಸಿದೆ. ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಅತ್ತೆಯ ಮುಂದೆ ನಿಂತೆ.

"ಏಳ್ರಿ. ದುಡದ್ ಬಂದೈತಿ. ಕುಡಿಸೋರು ಯಾರು?"

ಅತ್ತೆ ಗೊಟ್ಟದೊಳಗೆ ಬಗ್ಗಿ ನೋಡಿದರು. ಮೂಸಿದರು. "ಇದು ಏನವ್ವಾ?" ಎಂದರು.

"ಇದರ ಔಷಧ ಇದ ರೀ. ಎತ್ತಿನದು ಬ್ಯಾರೆ, ಇದರದು ಬ್ಯಾರೆ. ಇನ್ನ ಮುಂದ ಖಂಡೆ ಪೂಜಿಗೆ ಇದನ್ನ ಹಾಕ್ರಿ. ನೀವ ಹಾಕಬೇಕು."

ಅತ್ತೆ ನನ್ನ ಮುಖ ನೋಡಿ ಕಂಬ ಹಿಡಿದು ಎದ್ದರು. ಗಂಡ ಓಡಿ ಹೋಗಿ ಮೂಗಿನ ಮುಚ್ಚಳ ಎತ್ತಿ ಹಿಡಿದರು. ಅತ್ತೆಗೆ ಹತ್ತಲು ನಾನು ಒಂದು ಮಣೆ ಇಟ್ಟೆ. ಅತ್ತೆ ಎಡಗೈಯನ್ನು ಲಾರಿಯ ಮೂಗಿನ ಮೇಲೆ ಇಟ್ಟು, ಎತ್ತಿನ ಕುತ್ತಿಗೆ ಸವರುವಂತೆ ಮೇಲಿಂದ ಕೆಳಗೆ ಸವರಿದರು. ಬಲಗೈಯಲ್ಲಿ ಗೊಟ್ಟವನ್ನು ಆಯಿಲ್ ಹಾಕುವ ಬಾಯಿಗೆ ಹಚ್ಚಿ, ಒಂದು ಹನಿಯೂ ಹೊರಗೆ ಬೀಳದಂತೆ ಓರೆ ಮಾಡಿದರು.

"ಕುಡಿ ನನ್ನಪ್ಪಾ" ಎಂದರು. "ನಿನ್ನ ಸೊಸಿ ಕೊಟ್ಟಾಳ, ಕುಡಿ."